ಮಲಗಿದ ಬುದ್ಧನಿಗೆ ಎಷ್ಟು ಪಾಯಿಂಟು?

ಯಾದಗಿರಿ ಜಿಲ್ಲೆಯ ಸುದ್ದಿಪುಟ ಓದುವವರಿಗೆ ಒಂದು ಸುದ್ದಿ ಬಾಯಿಪಾಠವಾಗಿರುತ್ತದೆ. ಊರ ಹೊರಗಿನ ಗುಡಿಯ ಹಿಂದೆ ಅಂದರ್ ಬಾಹರ್ ಆಡುತ್ತಿದ್ದವರ ಮೇಲೆ ದಾಳಿ, ಇಷ್ಟು ನಗದು ಮತ್ತು 52 ಇಸ್ಪೀಟ್ ಎಲೆ ಜಪ್ತಿ, ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 87ರ ಅಡಿ ಪ್ರಕರಣ. ಊರು ಬದಲಾಗುತ್ತದೆ, ಆಡುವವರು ಬದಲಾಗುತ್ತಾರೆ, ಎಲೆ ಮಾತ್ರ ಪ್ರತಿ ಸಲವೂ ಐವತ್ತೆರಡೇ. ಜೋಕರುಗಳು ಪರಾರಿಯಾದವರ ಪಟ್ಟಿಗೆ ಸೇರುತ್ತವೋ ಏನೋ.

ಇಂಥ ಸುದ್ದಿ ಓದಿಕೊಂಡು ದೊಡ್ಡವರಾದ ನಮಗೆ ಹುಡುಗರ ಕೈಯಲ್ಲಿ ಎಲೆ ಕಂಡರೆ ಎದೆ ಧಸಕ್ಕೆನ್ನುವುದು ಸಹಜ. ಸುರಪುರದಲ್ಲಿರುವ ನನ್ನ ಅಕ್ಕನ ಮಗ ನಡುಮನೆಯಲ್ಲಿ ಚಾಪೆ ಹಾಸಿ ಎಲೆ ಹರವಿಕೊಂಡು ಕೂತದ್ದನ್ನು ಕಂಡ ನಮ್ಮ ಭಾವ ಚಪ್ಪಲಿ ಬಿಡುವುದಕ್ಕೂ ಮೊದಲೇ ಕೂಗಿದರು: "ಏನಲೇ, ಮನ್ಯಾಗ ಇಸ್ಪೀಟ್ ಆಡ್ಲಾಕತ್ತಿ?"

"ಇಸ್ಪೀಟ್ ಅಲ್ಲಪ್ಪ, ಯು-ಗಿ-ಓ!"

ಭಾವನವರಿಗೆ ಇದು ಇನ್ನೂ ದೊಡ್ಡ ಜೂಜಿನ ಹೆಸರಿನಂತೆ ಕೇಳಿಸಿತು.

ಈ ಯು-ಗಿ-ಓ ಜಪಾನಿನ ಸರಕು. ಕಝುಕಿ ತಕಹಾಶಿ ಎಂಬಾತ 1996ರಲ್ಲಿ ಒಂದು ವಾರಪತ್ರಿಕೆಯಲ್ಲಿ ಬರೆಯಲು ಶುರುಮಾಡಿದ ಚಿತ್ರಕಥೆ. ಯುಗಿ ಎಂಬ ಕುಳ್ಳ, ಪುಕ್ಕಲು ಶಾಲಾಹುಡುಗ ಈಜಿಪ್ಟಿನ ಹಳೆಯ ಚಿನ್ನದ ಒಗಟೊಂದನ್ನು ಜೋಡಿಸುತ್ತಾನೆ. ಅದರೊಳಗಿದ್ದ ಫೇರೋ ದೊರೆಯ ಆತ್ಮ ಅವನ ಮೈಮೇಲೆ ಬರುತ್ತದೆ. ನಮ್ಮ ಕಡೆ ಮೈಮೇಲೆ ಬಂದ ದೇವರು ಬೇವಿನ ಸೊಪ್ಪು ಕೇಳಿದರೆ ಈ ದೊರೆ ಆಟ ಕೇಳುತ್ತಾನೆ. ಕಥೆಯಲ್ಲಿ ಮೊದಲು ಬೇರೆ ಬೇರೆ ಆಟಗಳಿದ್ದವು, ಎಲೆಯಾಟ ಅವುಗಳಲ್ಲೊಂದು ಮಾತ್ರ. 1993ರಲ್ಲಿ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಹೊರತಂದಿದ್ದ ಮ್ಯಾಜಿಕ್ ಎಂಬ ಆಟವನ್ನು ನೋಡಿ ತಕಹಾಶಿ ಅದನ್ನು ಹೆಣೆದಿದ್ದ. ಓದುವ ಹುಡುಗರು ಅದೇ ಆಟ ಬೇಕೆಂದು ಹಟ ಹಿಡಿದರು. 1999ರಲ್ಲಿ ಕೊನಾಮಿ ಕಂಪನಿ ಎಲೆಗಳನ್ನು ನಿಜವಾಗಿಯೇ ಅಚ್ಚು ಹಾಕಿತು, ಮರುವರ್ಷ ಆ ಆಟವನ್ನೇ ನಡುವಿಗಿಟ್ಟುಕೊಂಡ ಕಾರ್ಟೂನ್ ಬಂತು. ಅದು 224 ಕಂತು ಓಡಿತು. 2011ರ ಹೊತ್ತಿಗೆ ಮಾರಾಟವಾದ ಎಲೆಗಳು 2500 ಕೋಟಿಗೂ ಹೆಚ್ಚು ಎಂದು ಗಿನ್ನೆಸ್ ದಾಖಲೆ ಹೇಳುತ್ತದೆ.

ಅಳಿಯ ಇದನ್ನು ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ನೋಡುತ್ತಾನೆ, ಅರ್ಧ ತಿಳಿಯುತ್ತದೆ, ಇನ್ನರ್ಧ ತಾನೇ ಕಟ್ಟಿಕೊಳ್ಳುತ್ತಾನೆ. ನಾನೂ ಪಕ್ಕದಲ್ಲಿ ಕೂತು ನೋಡಿದೆ. ಆಟದ ನಿಯಮ ಹುಡುಕಹೊರಟರೆ ತಲೆ ಕೆಡುತ್ತದೆ. ನಿಜವಾದ ಆಟದಲ್ಲಿ ಒಬ್ಬೊಬ್ಬರಿಗೆ 8000 ಪ್ರಾಣಾಂಕ, ಕಾರ್ಟೂನಿನಲ್ಲಿ ಮೊದಮೊದಲು 2000, ಆಮೇಲೆ 4000. ಸೋಲು ಇನ್ನೇನು ಬಂತು ಎನ್ನುವಾಗ ನಾಯಕ ಕಣ್ಣುಮುಚ್ಚಿ ಕಟ್ಟಿನಿಂದ ಒಂದು ಎಲೆ ಎಳೆಯುತ್ತಾನೆ, ಬೇಕಾದ ಎಲೆಯೇ ಬರುತ್ತದೆ. ಎಲೆಗಳ ಮೇಲೆ ಭಕ್ತಿಯಿದ್ದರೆ ಸಾಕಂತೆ. ಅಂದರ್ ಬಾಹರ್ ಆಡುವವರಿಗೂ ಅದೇ ಭಕ್ತಿ ಇರುತ್ತದೆ, ಫಲ ಮಾತ್ರ ಬೇರೆ.

ನಾನು ಗಮನಿಸಿದ್ದು ಇನ್ನೊಂದು. ಅರ್ಧ ಗಂಟೆಯ ಕಂತಿನಲ್ಲಿ ಆಟ ನಡೆಯುವುದು ಸ್ವಲ್ಪ ಹೊತ್ತು, ಉಳಿದದ್ದೆಲ್ಲ ಮಾತು. ಒಬ್ಬ ಎಲೆ ಇಟ್ಟು ಅದರ ಹೆಸರು ಕೂಗುತ್ತಾನೆ: ನೀಲಿ ಕಣ್ಣಿನ ಬಿಳಿ ಡ್ರ್ಯಾಗನ್, ದಾಳಿ 3000, ರಕ್ಷಣೆ 2500! ಎದುರಿನವ ಬೆಚ್ಚುತ್ತಾನೆ. ಇವನು ಗಹಗಹಿಸುತ್ತಾನೆ. ಪಕ್ಕದಲ್ಲಿ ನಿಂತ ಗೆಳೆಯ, "ಅಯ್ಯೋ, ಇದರ ಪ್ರತಾಪವೇನು?" ಎಂದು ಕೇಳುತ್ತಾನೆ. ಡ್ರ್ಯಾಗನ್ನಿನ ಒಡೆಯ ಪ್ರತಾಪವನ್ನೆಲ್ಲ ಬಿಡಿಸಿ ಹೇಳುತ್ತಾನೆ. ಇದನ್ನು ಎಲ್ಲೋ ನೋಡಿದ್ದೇನಲ್ಲ ಎಂದು ನಾನು ಯೋಚಿಸುತ್ತಿರುವಾಗಲೇ ಶಹಾಪುರದಿಂದ ಬಂದಿದ್ದ ನಮ್ಮಪ್ಪ, ಹುಡುಗನ ಮುತ್ಯಾ, ಮಂಚದ ಮೇಲಿಂದ ತೀರ್ಪು ಕೊಟ್ಟರು: "ಇದು ದೊಡ್ಡಾಟ ಅದ. ಬಾಜೂಕ ನಿಂತಾನಲ್ಲ, ಅವ ಸಾರಥಿ."

ಮುತ್ಯಾ ಹೇಳಿದ್ದು ಸರಿ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ಪಾತ್ರಧಾರಿ ರಂಗಕ್ಕೆ ಬಂದು ಕುಣಿದು ನಿಂತ ಮೇಲೆ ಸಾರಥಿ ಅವನ ಹೆಸರು, ಊರು, ಬಿರುದು ವಿಚಾರಿಸಬೇಕು. ಸಾರಥಿಗೆ ಗೊತ್ತಿಲ್ಲವೆಂದಲ್ಲ, ನಮ್ಮ ಕಿವಿಗೆ ಬೀಳಲೆಂದು. ಪಾತ್ರ ತನ್ನ ಪರಾಕ್ರಮವನ್ನು ತಾನೇ ಹೊಗಳಿಕೊಂಡು ಮುಗಿಸುವಷ್ಟರಲ್ಲಿ ಒಂದು ಜಾವ ಕಳೆದಿರುತ್ತದೆ. ಯುದ್ಧ ನಡೆಯುವುದು ಬೆಳಗಿನ ಜಾವಕ್ಕೆ, ಜನ ತೂಕಡಿಸುವ ಹೊತ್ತಿಗೆ. ರಾತ್ರಿಯಿಡೀ ಕೂತವರು ಯುದ್ಧಕ್ಕಾಗಿ ಕೂತವರಲ್ಲ. ಹುಡುಗನೂ ಹಾಗೆಯೇ. ಓಣಿಯ ಗೆಳೆಯರೊಡನೆ ಅವನು ಆಡುವುದನ್ನು ನೋಡಿದರೆ ಗೆಲ್ಲುವುದು ಯಾರಿಗೂ ಅಷ್ಟು ಮುಖ್ಯವಲ್ಲ, ಎಲೆಯ ಹೆಸರನ್ನು ಗಂಟಲು ಹರಿಯುವಂತೆ ಕೂಗುವುದು ಮುಖ್ಯ. ಇಸ್ಪೀಟಿನಲ್ಲಿ ಇದಿಲ್ಲ. ಅಲ್ಲಿ ಎಲೆಯನ್ನು ಎದೆಗೆ ಒತ್ತಿ ಮುಚ್ಚಿಡುತ್ತಾರೆ, ರಾಜನಿದ್ದರೂ ಅವನಿಗೆ ಒಂದು ಮಾತಿಲ್ಲ.

ರಾಜನಿಗೆ ಹೆಸರಿದ್ದ ಎಲೆಗಳು ನಮ್ಮಲ್ಲೇ ಇದ್ದವು. ಅಕ್ಬರನ ದರಬಾರಿನ ಗಂಜೀಫಾ ಎಲೆಗಳನ್ನು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ವಿವರಿಸಿದ್ದಾನೆ. ಹನ್ನೆರಡು ಬಣ, ಬಣಕ್ಕೆ ಹನ್ನೆರಡರಂತೆ 144 ಎಲೆ. ಅಶ್ವಪತಿ, ಗಜಪತಿ, ನರಪತಿ ಎಂದು ಮೊದಲಾಗಿ ಸುರಪತಿ, ಅಸುರಪತಿ, ವನಪತಿ, ಅಹಿಪತಿಗಳವರೆಗೆ. ಅಹಿಪತಿಯ ದೊರೆ ಎಂದರೆ ಘಟಸರ್ಪದ ಮೇಲೆ ಕೂತ ಹಾವು. ಅಸುರಪತಿಯ ಸಿಂಹಾಸನದ ಮೇಲೆ ಕೂತವನು ದಾವೂದನ ಮಗ ಸುಲೈಮಾನ್. ಕಾರ್ಟೂನಿನ ಇಂಗ್ಲಿಷ್ ಅವತರಣಿಕೆಯಲ್ಲಿ ಆಟಗಳ ಅಂಗಡಿ ಇಟ್ಟುಕೊಂಡಿರುವ ಯುಗಿಯ ಅಜ್ಜನ ಹೆಸರೂ ಸಾಲೊಮನ್ ಎನ್ನುವುದು ಕಾಕತಾಳೀಯವೇ ಇರಬಹುದು, ನನಗಂತೂ ಖುಷಿಯಾಯಿತು. ದಶಾವತಾರದ ಗಂಜೀಫಾಕ್ಕೆ 120 ಎಲೆ. ಹಗಲಲ್ಲಿ ಆಡಿದರೆ ರಾಮನಿಂದ ಆಟ ಶುರು, ರಾತ್ರಿಯಾದರೆ ಕೃಷ್ಣನಿಂದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಷ್ಟಕ್ಕೆ ತೃಪ್ತರಾಗದೆ 360 ಎಲೆಗಳ ಆಟದವರೆಗೂ ಹೋದರು. ಬ್ರಿಟಿಷರು ರಾಜ್ಯ ಕಿತ್ತುಕೊಂಡಿದ್ದಾಗ ದೊರೆಗೆ ಇಷ್ಟು ಬಿಡುವಾದರೂ ಸಿಕ್ಕಿತು.

ನಮ್ಮ ಬಾಲ್ಯದ ಎಲೆಗಳು ಸಿಗರೇಟು ಪಾಕೀಟಿನವು. ಮುಖದ ಹಾಳೆಯನ್ನು ಹರಿದು ನೀಟಾಗಿ ಒತ್ತಿಟ್ಟುಕೊಳ್ಳುತ್ತಿದ್ದೆವು. ಚಾರ್ಮಿನಾರ್ ಹೈದರಾಬಾದಿನ ಮಾಲು, ಎಲ್ಲೆಂದರಲ್ಲಿ ಬಿದ್ದಿರುತ್ತಿತ್ತು, ಹಾಗಾಗಿ ಅದಕ್ಕೆ ಮರ್ಯಾದೆ ಇರಲಿಲ್ಲ. ಅಪರೂಪದ ಪಾಕೀಟಿಗೆ ಹೆಚ್ಚು ಬೆಲೆ. ಯಾದಗಿರಿಯ ಹುಡುಗರೇ ಇದರಲ್ಲಿ ಸಾಹುಕಾರರು. ಮುಂಬೈ–ಮದ್ರಾಸ್ ರೈಲುಗಳು ಅವರೂರಿನಲ್ಲಿ ನಿಲ್ಲುತ್ತಿದ್ದವು, ಕಿಟಕಿಯಿಂದ ಏನೇನೋ ಬೀಳುತ್ತಿತ್ತು. ರೈಲಿಲ್ಲದ ಶಹಾಪುರ, ಸುರಪುರದವರು ಒಂದು ವಿಲ್ಸ್ ಪಾಕೀಟಿಗಾಗಿ ಹತ್ತು ಚಾರ್ಮಿನಾರ್ ಕೊಡಬೇಕಿತ್ತು. ಆಮೇಲೆ ಬಂದವರಿಗೆ ಚಿಪ್ಸಿನೊಳಗಿನ ತಾಜೋ, ಕುಸ್ತಿಪಟುಗಳ ಟ್ರಂಪ್ ಕಾರ್ಡು. ಆ ಕಾರ್ಡಿನಿಂದ ಅಂಡರ್‌ಟೇಕರನ ಎತ್ತರ ಕಲಿತವರು ಜಿಲ್ಲೆಯ ತುಂಬ ಇದ್ದಾರೆ.

ಭಾವನವರ ಸಿಟ್ಟು ಪೂರ್ತಿ ಸುಳ್ಳಲ್ಲ. ಜೂಜು ಆಟದಲ್ಲಿಲ್ಲ, ಪಾಕೀಟಿನಲ್ಲಿದೆ. ಕಿರಾಣಿ ಅಂಗಡಿಯಲ್ಲಿ ಗುಟ್ಕಾ ಮಾಲೆಯ ಪಕ್ಕದಲ್ಲೇ ನೇತಾಡುವ ಪೊಟ್ಟಣದೊಳಗೆ ಯಾವ ಎಲೆ ಇದೆಯೋ ಕೊಳ್ಳುವವನಿಗೆ ಗೊತ್ತಿಲ್ಲ. ಒಳ್ಳೆಯದು ಬರಲಿಲ್ಲವೆಂದು ಇನ್ನೊಂದು, ಮತ್ತೊಂದು. ಮಟಕಾದ ಚೀಟಿ ಬರೆಸುವವನ ಚಟವೂ ಇದೇ. ಅದೂ ನಮ್ಮ ಅಂಗಡಿಗಳಿಗೆ ಬರುವುದು ಎಲ್ಲೋ ಅಚ್ಚಾದ ನಕಲಿ, ಹೆಸರಿನ ಕಾಗುಣಿತವೂ ನೆಟ್ಟಗಿರುವುದಿಲ್ಲ. ಕಾರ್ಟೂನಿನಲ್ಲಿ ನೀಲಿ ಕಣ್ಣಿನ ಡ್ರ್ಯಾಗನ್ ಲೋಕಕ್ಕೆಲ್ಲ ನಾಲ್ಕೇ ನಾಲ್ಕು, ಅದರಲ್ಲೊಂದನ್ನು ಶ್ರೀಮಂತ ಹುಡುಗ ಕೈಬಾ ಹರಿದುಹಾಕುತ್ತಾನೆ. ನಮ್ಮ ಓಣಿಯೊಂದರಲ್ಲೇ ನಾನು ಅದಕ್ಕಿಂತ ಹೆಚ್ಚು ಕಂಡೆ.

ಭಾವ ಪೊಟ್ಟಣದ ದುಡ್ಡು ನಿಲ್ಲಿಸಿದರು. ಅಳಿಯ ಅಳಲಿಲ್ಲ. ಮನೆಯಲ್ಲಿದ್ದ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂಬದಿಯ ಬಿಳಿ ಜಾಗದಲ್ಲಿ ಸ್ಕೆಚ್ ಪೆನ್ನಿನಿಂದ ತನ್ನವೇ ಎಲೆ ಬರೆಯತೊಡಗಿದ. ಗರುಡಾದ್ರಿ ಮನೆತನದವರು ಬಂಗಾರದ ರೇಕಿನಲ್ಲಿ ಚಿತ್ರ ಬರೆದ ಊರಲ್ಲವೇ ಸುರಪುರ, ಕೈ ಸುಮ್ಮನಿರುವುದಿಲ್ಲ. ಮೊದಲ ಎಲೆ ಶಹಾಪುರದ ಮಲಗಿದ ಬುದ್ಧನ ಬೆಟ್ಟ. ದಾಳಿ ಸೊನ್ನೆ, ರಕ್ಷಣೆ 5000.

"ದಾಳಿ ಯಾಕ ಇಲ್ಲ?" ಎಂದೆ.

"ಡಿಫೆನ್ಸಿಗೆ ಎಲಿ ಅಡ್ಡ ಇಡಬೇಕು ಮಾಮಾ. ಅದು ಮೊದಲೇ ಮಲಗೇದಲ್ಲ."

ಎರಡನೆಯದು ರಾಜಾ ವೆಂಕಟಪ್ಪ ನಾಯಕ, ದಾಳಿ 3000. 1858ರಲ್ಲಿ ಬ್ರಿಟಿಷರ ಮೇಲೆ ಎದ್ದ ಸುರಪುರದ ದೊರೆಗೆ ಅಷ್ಟಾದರೂ ಬೇಡವೇ? ತಕರಾರು ಹುಟ್ಟಿದ್ದು ಮೂರನೆಯ ಎಲೆಗೆ, ಫಿಲಿಪ್ ಮೆಡೋಸ್ ಟೇಲರನಿಗೆ. 1841ರಲ್ಲಿ ಸುರಪುರಕ್ಕೆ ಬಂದು, ಗುಡ್ಡದ ಮೇಲೆ ಬಂಗಲೆ ಕಟ್ಟಿಸಿ, ಎಳೆಯ ವೆಂಕಟಪ್ಪನನ್ನು ಸಾಕಿದ ಸಾಹೇಬ. ವೆಂಕಟಪ್ಪ ಅವನನ್ನು ಅಪ್ಪಾ ಎನ್ನುತ್ತಿದ್ದ. ಅವನು ಶತ್ರುವಿನ ಎಲೆಯೋ, ನಮ್ಮದೋ?

"ಬ್ರಿಟಿಷ್ ಅಂದಮ್ಯಾಲ ಶತ್ರುನೇ," ಎಂದ ಅಳಿಯ.

"ಬೆಳಸಿದವ ಶತ್ರು ಹ್ಯಾಂಗ ಆಗ್ತಾನ?" ಎಂದರು ಮುತ್ಯಾ.

ಅಷ್ಟರವರೆಗೆ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದ ಭಾವ ಈಗ ಚಾಪೆಗೆ ಬಂದು ಕೂತರು. "ಅವ ನಿಜಾಮನ ಪಗಾರ ತಗೊಂಡಾವ. ದಾಳಿ ಒಂದೂವರಿ ಸಾವಿರಕ್ಕಿಂತ ಜಾಸ್ತಿ ಹಾಕಬ್ಯಾಡ."

"ಹಂಗಾರ ನಿಜಾಮಂದೂ ಒಂದು ಎಲಿ ಬೇಕಲ್ಲಪ್ಪ," ಎಂದ ಹುಡುಗ. ಲಗ್ನಪತ್ರಿಕೆಗಳು ಮುಗಿದಿದ್ದವು. ಭಾವ ಒಳಗೆ ಕೂಗಿ, ಮುಂದಿನ ವಾರದ್ದೊಂದು ಗೃಹಪ್ರವೇಶದ ಪತ್ರಿಕೆ ತರಿಸಿ ಕೊಟ್ಟರು.