ಕಡಲು ದಾರಿ ಬಿಟ್ಟ ಹೊತ್ತು

ಕಡಲಜೀವಿಗಳನ್ನು ಕಾಣಬೇಕಾದರೆ ಈಜು ಬಲ್ಲವರಾಗಿರಬೇಕೆಂಬುದು ಸಾಮಾನ್ಯ ತಿಳಿವಳಿಕೆ. ಗುಜರಾತಿನ ಜಾಮ್‌ನಗರ ಸೀಮೆಯ ನರಾರಾದಲ್ಲಿ ಹಾಗಿಲ್ಲ. ಅಲ್ಲಿ ಇಳಿತದ ವೇಳೆಗೆ ಕಡಲೇ ಹಿಂದೆ ಸರಿದು ತನ್ನ ತಳವನ್ನು ತೆರೆದಿಡುತ್ತದೆ. ಕಚ್ಛ ಕೊಲ್ಲಿಯ ದಕ್ಷಿಣ ದಂಡೆಯ ಈ ತಾಣವು 1982ರಲ್ಲಿ ಘೋಷಿತವಾದ, ನಮ್ಮ ದೇಶದ ಮೊದಲ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಸೋಮನಾಥ, ದ್ವಾರಕೆಗಳನ್ನು ನೋಡಿ ಬಂದಿದ್ದ ನಮ್ಮ ಹದಿನೆಂಟು ಮಂದಿಯ ತಂಡವು ಒಂದು ಹಗಲನ್ನು ಇದಕ್ಕೆಂದೇ ಮೀಸಲಿಟ್ಟಿತು. ಸೌರಾಷ್ಟ್ರವೆಂದರೆ ಪುಲಿಗೆರೆಯ ಆದಯ್ಯನ ತವರಲ್ಲವೇ! ನಮಗೆ ಅದು ಪೂರ್ತಿ ಪರನಾಡೆನಿಸಲಿಲ್ಲ.

ಇಲ್ಲಿ ಗಡಿಯಾರಕ್ಕಿಂತ ಚಂದ್ರನ ಮಾತೇ ನಡೆಯುವುದು. ಇಳಿತದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ದೂರ ಹಿಂಜರಿಯುತ್ತದೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಮಾರ್ಗದರ್ಶಕನ ಹಿಂದೆ ಸಾಲಾಗಿ ನಡೆದೆವು. ದಂಡೆಯಲ್ಲಿ ಕಾಂಡ್ಲಾ ಗಿಡಗಳು. ಅವುಗಳ ಉಸಿರಾಟದ ಬೇರುಗಳು ಕೆಸರಿನಿಂದ ಮೊಳೆಗಳಂತೆ ಮೇಲೆದ್ದಿದ್ದವು. ಮುಂದೆ ಅಲ್ಲಲ್ಲಿ ನಿಂತ ನೀರು. ಒಂದು ಮಡುವಿನಲ್ಲಿ ಅಷ್ಟಪದಿಯೊಂದು ನೋಡುನೋಡುತ್ತಿದ್ದಂತೆ ಕಲ್ಲಿನ ಬಣ್ಣ ತಾಳಿ ಮರೆಯಾಯಿತು. ಮಕ್ಕಳು ಅಲ್ಲಿಂದ ಕದಲಲೊಲ್ಲರು.

ಹವಳವನ್ನು ಕಲ್ಲೆಂದೇ ತಿಳಿದವರು ನಮ್ಮಲ್ಲಿ ಅನೇಕರಿದ್ದರು. ಅದು ಅಸಂಖ್ಯ ಸಣ್ಣ ಜೀವಿಗಳು ಸುಣ್ಣದಿಂದ ಕಟ್ಟಿಕೊಂಡ ಮನೆ. ಆ ಜೀವಿಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸಿ, ಬಿಸಿಲಿನಿಂದ ಆಹಾರ ಸಿದ್ಧಪಡಿಸಿ ತನ್ನ ಆಶ್ರಯದಾತನಿಗೂ ಉಣಿಸುತ್ತದೆ. ನೀರು ಅತಿಯಾಗಿ ಕಾದರೆ ಈ ಒಡನಾಟ ಮುರಿದು ಹವಳ ಬಿಳುಚಿಕೊಳ್ಳುತ್ತದೆ.

ತಂಡದ ಹಿರಿಯ ತಾಯಿಯೊಬ್ಬರು ಸತ್ತ ಹವಳದ ತುಂಡೊಂದನ್ನು ಎತ್ತಿಕೊಂಡರು. ಜಗುಲಿಯ ಮೇಲಿಡುವ ಆಸೆ. ಮಾರ್ಗದರ್ಶಕನು ಬೇಡವೆಂದಾಗ, "ಸತ್ತದ್ದನ್ನ ಒಯ್ದರ ಏನಾತು ತಮ್ಮಾ?" ಎಂದು ಕೇಳಿದರು. ಅವನಿಗೆ ಕನ್ನಡ ಬಾರದು. ಉತ್ತರವಾಗಿ ಆ ತುಂಡನ್ನು ಅವರ ಕೈಯಲ್ಲಿಯೇ ತಿರುವಿ ತೋರಿಸಿದ. ಅಡಿಯ ಪೊಟರೆಯಲ್ಲಿ ಬೆರಳಿನ ಉಗುರಿನಷ್ಟು ಏಡಿ! ತಾಯಿಯವರು ಅದನ್ನು ಮೊದಲಿದ್ದ ಮಗ್ಗುಲಿಗೇ ಇಟ್ಟುಬಂದರು. ವನ್ಯಜೀವಿ ಕಾನೂನೂ ಹವಳಕ್ಕೆ ಹುಲಿಗಿರುವ ರಕ್ಷಣೆಯನ್ನೇ ಕೊಟ್ಟಿದೆ.

ಹಿಂದೆ ಈ ಕೊಲ್ಲಿಯಿಂದ ಹವಳದ ಮರಳನ್ನು ಸಿಮೆಂಟಿಗಾಗಿ ತೆಗೆಯುತ್ತಿದ್ದರು. ಅದು ನಿಂತಿತು, ಆದರೆ ಇಂದು ಇದೇ ದಂಡೆಯಲ್ಲಿ ತೈಲ ಶುದ್ಧೀಕರಣದ ಸ್ಥಾವರಗಳೂ ಹಡಗುಗಳೂ ಇವೆ. ಪರರನ್ನು ದೂರುವುದು ಸುಲಭ. ನೋಡಲೆಂದು ಬರುವ ನಮ್ಮಂಥವರ ಪಾದಗಳೂ ಹವಳಕ್ಕೆ ಭಾರವೇ. ಮರಳಿನ ಜಾಡು ಬಿಟ್ಟು ಕಾಲಿಡದಂತೆ ಮಾರ್ಗದರ್ಶಕನು ಮತ್ತೆಮತ್ತೆ ಗದರಿದ್ದು ಕೆಲವರಿಗೆ ಬೇಸರ ತಂದಿತು. ನಮಗಂತೂ ಅವನು ಇನ್ನಷ್ಟು ಕಟ್ಟುನಿಟ್ಟಾಗಿದ್ದರೂ ಸರಿಯೇ ಎನಿಸಿತು.

ಹೋಗಬಯಸುವವರು ಚಳಿಗಾಲವನ್ನು ಆರಿಸಿಕೊಳ್ಳಲಿ. ಇಳಿತದ ವೇಳೆಯನ್ನು ಮೊದಲೇ ವಿಚಾರಿಸಿ ಹೊರಡಬೇಕು. ಒದ್ದೆಯಾದರೂ ಚಿಂತೆಯಿಲ್ಲದ ಹಳೆಯ ಬೂಟು, ಕುಡಿಯುವ ನೀರು ಜೊತೆಗಿರಲಿ. ಮರಳಲು ಕರೆದೊಡನೆ ಮರಳಬೇಕು. ನಾವು ದಂಡೆಯಲ್ಲಿ ಬುತ್ತಿ ಬಿಚ್ಚುವಷ್ಟರಲ್ಲಿ ಅಷ್ಟಪದಿಯ ಮಡು ಯಾವುದೆಂದು ಗುರುತಿಸಲಾಗದಷ್ಟು ನೀರು ಏರಿತ್ತು.