ಮಾವಿನ ಮರ ಮುಡಿದ ದಂಡೆ

ಮೇ ತಿಂಗಳ ಕೊನೆಯಲ್ಲಿ, ಒಂದೆರಡು ಮಳೆ ಬಿದ್ದ ಮೇಲೆ, ಸಾಗರ-ತೀರ್ಥಹಳ್ಳಿ ಕಡೆ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಸ್ವಲ್ಪ ಮೇಲೆ ನೋಡಬೇಕು. ರಸ್ತೆ ಬದಿಯ ಹಳೆಯ ಮಾವು, ಹಲಸಿನ ಕೊಂಬೆಗಳಿಂದ ಉದ್ದನೆಯ ಹೂಗೊಂಚಲುಗಳು ಜೋತುಬಿದ್ದಿರುತ್ತವೆ. ಬಿಳಿ ಎಸಳಿನ ಮೇಲೆ ನಸುನೇರಳೆ ಚುಕ್ಕೆ, ನಡುವೆ ಗಾಢ ನೇರಳೆಯ ತುಟಿ. ಒಂದೇ ಗೊಂಚಲಿನಲ್ಲಿ ನೂರಕ್ಕೂ ಹೆಚ್ಚು ಹೂ! ಇದೇ ಸೀತಾಳೆ ದಂಡೆ. ಇಂಗ್ಲಿಷಿನವರಿಗೆ ಇದನ್ನು ಕಂಡು ನರಿಯ ಬಾಲ ನೆನಪಾಯಿತು. ನಮ್ಮವರಿಗೆ ಕಟ್ಟಿದ ಹೂವಿನ ದಂಡೆ. ವನವಾಸದಲ್ಲಿ ಸೀತೆ ಮುಡಿದದ್ದು ಇದನ್ನೇ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಯಾವ ಹೆಸರು ಚೆಂದ, ನೀವೇ ಹೇಳಿ.

ಎಂಟನೇ ತರಗತಿಯಲ್ಲಿರುವ ನನ್ನ ಮಗಳು ಒಂದು ದಿನ, "ಅಮ್ಮಾ, ಇದೂ ಬಂದಳಿಕೆಯೇ? ಮರದ ಸಾರ ಹೀರುತ್ತದಾ?" ಎಂದು ಕೇಳಿದಳು. ನಮ್ಮೂರಲ್ಲಿ ಅನೇಕರು ಹಾಗೆಯೇ ನಂಬಿದ್ದಾರೆ. ಮಾವಿನ ಫಸಲು ಕಡಿಮೆಯಾಯಿತೆಂದು ಕತ್ತಿ ಹಿಡಿದು ಮರ ಹತ್ತಿ ಸೀತಾಳೆಯನ್ನೆಲ್ಲ ಕೆತ್ತಿ ಹಾಕಿದ ಹಿರಿಯರನ್ನು ನಾನು ಬಲ್ಲೆ. ಬಂದಳಿಕೆ ನಿಜವಾಗಿ ಕಳ್ಳ. ಮರದ ಒಳಗೇ ಬೇರಿಳಿಸಿ ನೀರು, ಲವಣ ಕದಿಯುತ್ತದೆ. ಸೀತಾಳೆ ಹಾಗಲ್ಲ. ಅದು ತೊಗಟೆಯನ್ನು ಅಪ್ಪಿ ಕೂರುತ್ತದೆ, ಅಷ್ಟೆ. ಗಾಳಿಯ ತೇವ, ಮಳೆನೀರು, ತೊಗಟೆಯ ಸಂದಿನಲ್ಲಿ ಕೊಳೆತ ಎಲೆಯ ಸಾರ, ಇಷ್ಟರಲ್ಲೇ ಅದರ ಸಂಸಾರ. ಮಾತಿನಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲವಲ್ಲ! ಒಂದು ಚೊಂಬು ನೀರು ತರಿಸಿ, ಕೈಗೆಟಕುವ ಕೊಂಬೆಯಲ್ಲಿದ್ದ ಗಿಡದ ಬೂದುಬಣ್ಣದ ಬೇರಿಗೆ ಚಿಮುಕಿಸಿದೆ. ನೋಡನೋಡುತ್ತಿದ್ದಂತೆ ಬೇರು ಹಸಿರಾಯಿತು. ಬೇರಿನ ಮೇಲೆ ಸತ್ತ ಜೀವಕೋಶಗಳ ಸ್ಪಂಜಿನಂಥ ಹೊದಿಕೆ ಇರುತ್ತದೆ. ಒಣಗಿದಾಗ ಅದರಲ್ಲಿ ಗಾಳಿ ತುಂಬಿ ಬೂದಿಯಂತೆ ಕಾಣುತ್ತದೆ, ನೀರು ಕುಡಿದರೆ ಪಾರದರ್ಶಕವಾಗಿ ಒಳಗಿನ ಹಸಿರು ಹೊರಗೆ ಕಾಣುತ್ತದೆ. ಈ ಪ್ರಯೋಗಕ್ಕೆ ಲ್ಯಾಬೊರೇಟರಿ ಬೇಕಿಲ್ಲ, ನೀವೂ ಮಾಡಿ ನೋಡಬಹುದು.

ಶಾಸ್ತ್ರೀಯವಾಗಿ ಇದು ರಿಂಕೋಸ್ಟೈಲಿಸ್ ರೆಟ್ಯೂಸಾ. 1753ರಲ್ಲಿ ಲಿನೇಯಸ್ ಇದಕ್ಕೆ ಬೇರೊಂದು ಕುಲದಲ್ಲಿ ಹೆಸರಿಟ್ಟಿದ್ದ. ಈಗಿನ ಕುಲವನ್ನು 1825ರಲ್ಲಿ ಬ್ಲೂಮೆ ಸ್ಥಾಪಿಸಿದ. ನಮ್ಮ ಪಶ್ಚಿಮ ಘಟ್ಟ, ಶ್ರೀಲಂಕಾದಿಂದ ಹಿಡಿದು ಹಿಮಾಲಯದ ತಪ್ಪಲು, ಬರ್ಮಾ, ಥಾಯ್ಲೆಂಡ್, ಫಿಲಿಪ್ಪೀನ್ಸ್‌ವರೆಗೂ ಇದರ ನಂಟು ಹಬ್ಬಿದೆ. ಅಸ್ಸಾಮಿನಲ್ಲಿ ಇದು ಕೊಪೌ ಫೂಲ್, ಆ ರಾಜ್ಯದ ಹೂವು. ಏಪ್ರಿಲ್‌ನ ಬಿಹು ಹಬ್ಬದಲ್ಲಿ ಕುಣಿಯುವ ಹೆಣ್ಣುಮಕ್ಕಳ ತುರುಬಿನಲ್ಲಿ ಇದೇ ದಂಡೆ. ಅಪರೂಪಕ್ಕೆ ಚುಕ್ಕೆಯೇ ಇಲ್ಲದ ಅಚ್ಚಬಿಳಿಯ ಹೂವೂ ಸಿಗುವುದುಂಟು. ಥಾಯ್ಲೆಂಡಿನ ಕಡೆ ಇದರ ದಾಯಾದಿಗಳಿವೆ: ಗೈಗ್ಯಾಂಟಿಯಾ ಎಂಬ ಜಾತಿಯಲ್ಲಿ ಚುಕ್ಕೆಯದು, ಬಿಳಿಯದು, ಪೂರ್ತಿ ಕಡುಗೆಂಪಿನದು ಎಂದು ಬಗೆಬಗೆ, ಸೆಲೆಸ್ಟಿಸ್ ಎಂಬುದರದು ನೀಲಿ ಹೂ, ಗೊಂಚಲು ಜೋಲದೆ ನೆಟ್ಟಗೆ ನಿಲ್ಲುತ್ತದೆ.

ಇಷ್ಟು ದೂರ ಹಬ್ಬಿದ ಗಿಡಕ್ಕೆ ಹುಟ್ಟುವುದೇ ಕಷ್ಟ. ಆರ್ಕಿಡ್‌ನ ಬೀಜ ಧೂಳಿನಷ್ಟು ಸಣ್ಣದು. ಭತ್ತದ ಕಾಳಿನಲ್ಲಿ ಮೊಳಕೆಗೆ ಬೇಕಾದ ಬುತ್ತಿ ಇರುತ್ತದೆ, ಇದರಲ್ಲಿ ಅದಿಲ್ಲ. ತೊಗಟೆಯಲ್ಲಿ ತಕ್ಕ ಶಿಲೀಂಧ್ರ ಸಿಕ್ಕಿ ಅದು ಉಣಿಸಿದರೆ ಮಾತ್ರ ಮೊಳಕೆ. ಫ್ರಾನ್ಸಿನ ನೊಯೆಲ್ ಬರ್ನಾರ್ಡ್ 1899ರಲ್ಲಿ ಈ ಗುಟ್ಟನ್ನು ಕಂಡುಕೊಂಡ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಅಗರ್ ಮೇಲೆ ಬೀಜ ಮೊಳೆಯಿಸಿ ತೋರಿಸಿದ. ಇಂದು ಹೂವಿನಂಗಡಿಯ ಆರ್ಕಿಡ್‌ಗಳು ಬಾಟಲಿಯಲ್ಲಿ ಬೆಳೆದು ಬರುವುದು ಇಂಥ ಸಂಶೋಧನೆಗಳ ಪುಣ್ಯದಿಂದ. ಕಾಡಿನ ಸೀತಾಳೆಗೆ ಬಾಟಲಿ ಎಲ್ಲಿಂದ ಬರಬೇಕು? ಅದಕ್ಕೆ ಹಳೆಯ ಮರದ ಒರಟು ತೊಗಟೆಯೇ ಗತಿ.

ಆದ್ದರಿಂದ, ತಲೆಗೆ ಮುಡಿಯಲೆಂದು ಒಂದು ಗೊಂಚಲು ಕಿತ್ತ ಹುಡುಗಿಯನ್ನು ನಾನು ಬೈಯುವುದಿಲ್ಲ. ಗಿಡ ಉಳಿದಿರುತ್ತದೆ, ಬರುವ ವರ್ಷ ಮತ್ತೆ ಹೂ ಬಿಡುತ್ತದೆ. ಬೇರುಸಮೇತ ಕಿತ್ತು ತಂದು ಪ್ಲಾಸ್ಟಿಕ್ ಹಾಳೆಯ ಮೇಲೆ ರಾಶಿ ಹಾಕಿ ಮಾರುವವರನ್ನೂ, ಅದನ್ನು ಕೊಂಡು ಪೇಟೆ ಮನೆಯ ಕುಂಡದಲ್ಲಿ ಮಣ್ಣೊಳಗೆ ಹೂಳುವವರನ್ನೂ ಕಂಡರೆ ಮಾತ್ರ ಸಿಟ್ಟು ಬರುತ್ತದೆ. ಮಣ್ಣಿನಲ್ಲಿ ಹೂತರೆ ಆ ಬೇರು ಉಸಿರುಗಟ್ಟಿ ಕೊಳೆಯುತ್ತದೆ.

ಕಳೆದ ವರ್ಷ ನಮ್ಮೂರ ರಸ್ತೆ ಅಗಲ ಮಾಡಲು ಸಾಲುಮಾವಿನ ಮರಗಳನ್ನು ಉರುಳಿಸತೊಡಗಿದರು. ಕೊಂಬೆಗಳ ರಾಶಿಯಲ್ಲಿ ಸೀತಾಳೆಗಳು ತಲೆಕೆಳಗಾಗಿ ಬಿದ್ದಿದ್ದವು. ಅಲ್ಲಿದ್ದ ಗಾರ್ಡನ್ನು ಕೇಳಿ ಒಪ್ಪಿಗೆ ಪಡೆದು, ನಾನೂ ಮಗಳೂ ಐದು ಗಿಡ ತಂದೆವು. ತೊಗಟೆಯ ತುಂಡನ್ನು ಬಿಡಿಸದೆ, ಅದರ ಸಮೇತ ಹಿತ್ತಲ ಹಲಸಿಗೆ ತೆಂಗಿನ ನಾರಿನ ಹಗ್ಗದಿಂದ ಕಟ್ಟಿದೆವು. ಎರಡು ಸತ್ತವು. ಮೂರು ಹೊಸ ಬೇರು ಬಿಟ್ಟು ಹಲಸನ್ನು ಹಿಡಿದುಕೊಂಡಿವೆ, ಹೂವಿನ್ನೂ ಬಂದಿಲ್ಲ.

ರಸ್ತೆಯಲ್ಲಿ ಇನ್ನೂ ಹದಿನಾರು ಮರಗಳಿಗೆ ಬಣ್ಣದಲ್ಲಿ ನಂಬರು ಬರೆದಿದ್ದಾರೆ. ಅವುಗಳಲ್ಲಿ ಯಾವ ನಂಬರಿನ ಮರದಲ್ಲಿ ಎಷ್ಟು ಸೀತಾಳೆ ಇದೆ ಎಂದು ಮಗಳು ತನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಾಳೆ.