ಕೇಳಿ ತೋರುವ ಕರುಣೆ

ರೋಗಿಗೆ ವಿಶ್ರಾಂತಿ ನೀಡುವುದು ದಯೆಯೆಂಬುದನ್ನು ಎಲ್ಲರೂ ಒಪ್ಪುವರು. ಚೇತರಿಸಿಕೊಂಡು ಬಂದವರಿಗೆ ಅವರ ಕೆಲಸವನ್ನು ಮರಳಿ ಒಪ್ಪಿಸುವುದೂ ಅಷ್ಟೇ ದೊಡ್ಡ ಕರ್ತವ್ಯವೆಂಬುದು ಮಾತ್ರ ಬಹುಬೇಗ ಮರೆತುಹೋಗುತ್ತದೆ.

ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಟೈಲರ್ ಆಗಿದ್ದ ಮಹಿಳೆಯೊಬ್ಬರಿಗೆ ಸ್ತನ ಕ್ಯಾನ್ಸರ್ ಇರುವುದು ಗೊತ್ತಾದಾಗ, ಜೀವದ ಚಿಂತೆಗಿಂತ ಮೊದಲು ಅವರನ್ನು ಕಾಡಿದ್ದು ಸಂಬಳದ ಚಿಂತೆ. ಶಸ್ತ್ರಚಿಕಿತ್ಸೆ, ಮೂರು ವಾರಗಳಿಗೊಮ್ಮೆ ಕೀಮೋಥೆರಪಿ, ಅನಂತರ ವಾರಗಟ್ಟಲೆ ವಿಕಿರಣ ಚಿಕಿತ್ಸೆ. ಇವೆಲ್ಲ ಮುಗಿಯುವ ಹೊತ್ತಿಗೆ ವರ್ಷವೇ ಸಮೀಪಿಸಿತ್ತು. ಆಗ ಆಸರೆಯಾದದ್ದು ಇ.ಎಸ್.ಐ. ಎಂದು ಪರಿಚಿತವಾದ ಕಾರ್ಮಿಕರ ರಾಜ್ಯ ವಿಮೆ. ಸಾಮಾನ್ಯ ಕಾಯಿಲೆಗೆ ಅದರಲ್ಲಿ 91 ದಿನಗಳವರೆಗೆ ವೇತನದ ಶೇಕಡ 70ರಷ್ಟು ದೊರೆಯುತ್ತದೆ. ಕ್ಯಾನ್ಸರಿನಂತಹ ದೀರ್ಘ ವ್ಯಾಧಿಗೆ, ಅರ್ಹತೆಯ ನಿಯಮಗಳಿಗೆ ಒಳಪಟ್ಟು, 2 ವರ್ಷಗಳವರೆಗೆ ಶೇಕಡ 80ರಷ್ಟು ದೊರೆಯುತ್ತದೆ. ಕಾಯಿಲೆಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ನೌಕರರನ್ನು ವಜಾ ಮಾಡಬಾರದೆಂದು 1948ರ ಕಾಯಿದೆಯೇ ವಿಧಿಸಿತ್ತು.

ಕಾನೂನು ಇಷ್ಟು ದೂರ ಕೈಹಿಡಿದು ನಡೆಸಿತು. ಮುಂದಿನದು ಮನುಷ್ಯರ ಪಾಲಿಗೆ ಬಿಟ್ಟದ್ದು.

ಮರಳಿ ಬಂದ ದಿನ ಅವರ ಯಂತ್ರದ ಮುಂದೆ ಬೇರೊಬ್ಬರು ಕುಳಿತಿದ್ದರು. “ನೀವು ದಣಿಯಬೇಡಿ ಅಕ್ಕಾ, ದಾರ ಕತ್ತರಿಸಿಕೊಂಡಿರಿ ಸಾಕು” ಎಂದು ಜೊತೆಯವರು ಅಕ್ಕರೆಯಿಂದಲೇ ಹೇಳಿದರು. ಆ ಅಕ್ಕರೆಯಲ್ಲಿ ಕಪಟವಿರಲಿಲ್ಲ. ಆದರೆ ಹದಿನೈದು ವರ್ಷ ಹೊಲಿದ ಕೈ ಒಂದೇ ಗಳಿಗೆಯಲ್ಲಿ ಹೆಲ್ಪರಿನ ಕೈಯಾಯಿತು. ಕೆಲವೇ ದಿನಗಳಲ್ಲಿ ಅವರಿಗೆ ಸಂಬಳವೂ ಇಳಿಯುವ ಭಯ ಹುಟ್ಟಿತು. ನಿಮ್ಮಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಯಾರೂ ಕೇಳಿರಲಿಲ್ಲ.

ಕೊನೆಗೆ ಅವರೇ ಮೇಲ್ವಿಚಾರಕರಲ್ಲಿಗೆ ಹೋದರು. ಕಂಕುಳಿನ ಗ್ರಂಥಿಗಳನ್ನು ತೆಗೆದಿರುವುದರಿಂದ ತೋಳು ಬಾತುಕೊಳ್ಳುವ ಸಂಭವವಿದೆ. “ಬಟ್ಟೆಯ ಕಟ್ಟು ಎತ್ತಲಾರೆ ಸಾರ್, ಆದರೆ ಹೊಲಿಯಬಲ್ಲೆ” ಎಂದರು. ಕಟ್ಟನ್ನು ಮತ್ತೊಬ್ಬರು ತಂದಿಡುವುದು, ನಡುವೆ ತುಸು ಬಿಡುವು, ತಪಾಸಣೆಯ ದಿನ ರಜೆ: ಅವರು ಬೇಡಿದ್ದು ಇಷ್ಟೇ. ಯಂತ್ರ ಅವರಿಗೆ ಮರಳಿ ದೊರೆಯಿತು.

ಚಿಕಿತ್ಸೆ ಮುಗಿದರೂ ದಣಿವು ತಿಂಗಳುಗಟ್ಟಲೆ ಉಳಿಯಬಹುದು. ಕೆಲವರು ಐದು ವರ್ಷ, ಅದಕ್ಕೂ ಹೆಚ್ಚು ಕಾಲ ಮಾತ್ರೆ ನುಂಗಬೇಕಾಗುತ್ತದೆ. ಆದುದರಿಂದ ಇಂಥವರ ಮರಳುವಿಕೆ ಒಂದು ದಿನದ ಘಟನೆಯಲ್ಲ, ನಿಧಾನವಾಗಿ ಸಾಗುವ ಪ್ರಯಾಣ. ಒಬ್ಬರಿಗೆ ಒಪ್ಪಿದ ಕ್ರಮ ಇನ್ನೊಬ್ಬರಿಗೆ ಒಪ್ಪಲಾರದು. ರೋಗದ ವಿಷಯವನ್ನು ಯಾರ ಮುಂದೆ ಎಷ್ಟು ಹೇಳಬೇಕೆಂಬುದೂ ಅವರ ಇಚ್ಛೆಗೆ ಸೇರಿದ್ದು.

ಕೇಳದೆ ತೋರಿದ ಕರುಣೆ ಎದುರಿನವರ ಶಕ್ತಿಯನ್ನು ಅಲ್ಲಗಳೆಯುತ್ತದೆ. ಕೇಳಿ ತೋರಿದ ಕರುಣೆಯಾದರೋ ಆ ಶಕ್ತಿಗೆ ಆಧಾರವಾಗಿ ನಿಲ್ಲುತ್ತದೆ. ನೊಂದವರಿಗೆ ಹಿತವೆನಿಸುವುದು ಎರಡನೆಯದೇ.